ಜೀಪು ನಿಂತರೆ ಏಳುತ್ತಿದ್ದವರು

ಮೊಮ್ಮಗಳಿಗೆ ಕೆನಡಾದಲ್ಲಿ ಓದಲು ಮತ್ತೆ ಪರವಾನಗಿ ಸಿಕ್ಕಿತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಈ ಸುದ್ದಿಯನ್ನು ಮೊದಲು ಹೇಳಬೇಕಿದ್ದುದು ಪಕ್ಕದ ಮನೆಯ ಡ್ರೈವರಿಗೆ. ಅವರು ಹೋದ ತಿಂಗಳು ತೀರಿಕೊಂಡರು.

ಕಾಗದಪತ್ರವಿಲ್ಲದೆ ಗಲ್ಫಿನಲ್ಲಿ ಅಡಗಿ ದುಡಿದವರು. ಯಲ್ಲಾಪುರಕ್ಕೆ ಮರಳಿ ಎಷ್ಟೋ ವರ್ಷವಾಗಿದ್ದರೂ, ನಮ್ಮಲ್ಲಿ ಊಟಕ್ಕೆ ಬಂದರೆ ಚಪ್ಪಲಿಯನ್ನು ಒಳಗೇ ತಂದು ಹಿಂಬಾಗಿಲ ಬಳಿ ಕೂರುತ್ತಿದ್ದರು. ರಸ್ತೆಯಲ್ಲಿ ಜೀಪು ನಿಂತರೆ ಪೊಲೀಸರು ಬಂದರೆಂಬಂತೆ ತುತ್ತು ಬಿಟ್ಟು ಅರ್ಧ ಏಳುತ್ತಿದ್ದರು.

"ಕೂತ್ಕಳಿ ಮಾರಾಯ್ರೆ, ಹಾಲಿನ ಗಾಡಿ" ಎಂದರೆ ನಗುತ್ತಿದ್ದರು.

ಮೊಮ್ಮಗಳ ಪರವಾನಗಿಯ ಅವಧಿ ಮುಗಿದಾಗ, ಸುಮ್ಮನೆ ಅಡಗಿರು ಎಂದು ಗೆಳತಿಯರು ಅವಳಿಗೆ ಹೇಳಿದ್ದರಂತೆ. ಅವಳು ಫೋನಿನಲ್ಲಿ ನನಗೆ ಇದನ್ನು ಹೇಳುತ್ತಿದ್ದಾಗ, ಊಟಕ್ಕೆ ಬಂದಿದ್ದ ಡ್ರೈವರು ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಅಡಗ್ಬೇಡ ತಂಗಿ. ಅವಧಿ ಮುಗ್ದದ್ದು ಹೌದು ಅಂತ ಬರ್ದೇ ಅರ್ಜಿ ಹಾಕು. ನಾ ಅಡಗಿದ್ದೆ, ಅವ್ವ ಸತ್ರೂ ಬರ್ಲಿಕ್ಕೆ ಆಗ್ಲಿಲ್ಲ."

ಆಮೇಲೆ ಫೋನು ಬಂದಾಗಲೆಲ್ಲ ಅದೇ ಮಾತು: "ಅಡಗ್ಬೇಡ ತಂಗಿ."

ಸಂಜೆ ಮನೆಯವರೆಲ್ಲ ಒಟ್ಟಿಗೆ ಪಾಯಸ ಉಣ್ಣುತ್ತಿದ್ದಾಗ ಹೊರಗೆ ಜೀಪೊಂದು ನಿಂತಿತು. ಯಾರೂ ಏಳಲಿಲ್ಲ. ನನ್ನ ಕಣ್ಣು ಮಾತ್ರ ಹಿಂಬಾಗಿಲ ಕಡೆ ಹೋಯಿತು.