ಮಗಳ ರೆಪ್ಪೆ ಮತ್ತು ನಮ್ಮ ಭಾವ

ನಮ್ಮ ಭಾವನದು ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷ ಗಾಜು ಉಜ್ಜಿ ಉಜ್ಜಿ, ಲೋಕದ ಸಕಲ ಕಷ್ಟಕ್ಕೂ ಕನ್ನಡಕವೇ ಮದ್ದು ಎಂದು ನಂಬಿಬಿಟ್ಟಿದ್ದರು. ತಲೆನೋವಿಗೂ ಕನ್ನಡಕ, ಸಿಡುಕಿಗೂ ಕನ್ನಡಕ. ಹಾಗಾಗಿ ಏಳು ವರ್ಷದ ಮಗಳು ಪಟಪಟನೆ ಕಣ್ಣು ಮಿಟುಕಿಸತೊಡಗಿದಾಗ ಆಸ್ಪತ್ರೆಯ ಕಡೆ ತಲೆಯನ್ನೇ ಹಾಕಲಿಲ್ಲ. ತಾವೇ ಪರೀಕ್ಷಿಸಿ ಗುಲಾಬಿ ಫ್ರೇಮ್ ತೊಡಿಸಿದರು. ಕಾಲು ನಂಬರ್ ಏರಿಸಿ, ಕಾಲು ಇಳಿಸಿ, ಎರಡು ವರ್ಷದಲ್ಲಿ ನಾಲ್ಕು ಸಲ ಗಾಜು ಬದಲಾಯಿಸಿದರು. ಮಿಟುಕುವುದು ನಿಲ್ಲಲಿಲ್ಲ. ಅದರ ಜೊತೆಗೆ ಭುಜ ಎಗರುವುದು, ಗಂಟಲಲ್ಲಿ ‘ಹ್ಞುಕ್’ ಅನ್ನುವುದು ಬೇರೆ ಸೇರಿಕೊಂಡಿತು.

“ಬರೀ ಚೇಷ್ಟೆ ಇದು,” ಎಂದರು ಭಾವ. ದಿನಾ ಸಂಜೆ ಅಂಗಡಿಯ ಕನ್ನಡಿ ಮುಂದೆ ಅವಳನ್ನು ಕೂರಿಸಿ, ಮಿಸುಕದೆ ಎಷ್ಟು ನಿಮಿಷ ಇರುತ್ತಾಳೆಂದು ಗಡಿಯಾರ ನೋಡುತ್ತಿದ್ದರು. ಗೆದ್ದರೆ ಶಭಾಷ್, ಸೋತರೆ ಮುಖ ತಿರುಗಿಸುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು “ಏ ಮಿಟುಕಮ್ಮಾ” ಎಂದು ರೇಗಿಸಿದವನೇ. ನನ್ನ ಬಾಯಿಗೆ ಹುಳ ಬೀಳಬೇಕಿತ್ತು.

ಕೊನೆಗೆ ಅಕ್ಕ ಜಗಳವಾಡಿ ಎಲ್ಲರನ್ನೂ ನರರೋಗದ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು.

“ಇದು ಟುರೆಟ್ ಸಿಂಡ್ರೋಮ್ ಅನ್ನೋ ನರದ ತೊಂದರೆ. ಮಗು ಬೇಕೂಂತ ಮಾಡ್ತಿಲ್ಲ,” ಎಂದರು ಅವರು. “ಸೀನು ತಡೆದ ಹಾಗೆ ಸ್ವಲ್ಪ ಹೊತ್ತು ತಡೀತಾಳೆ, ಆದ್ರೆ ಒಳಗೊಳಗೇ ಒದ್ದಾಡ್ತಾಳೆ. ನಿಲ್ಸು ನಿಲ್ಸು ಅಂದ್ರೆ ಇನ್ನೂ ಜಾಸ್ತಿ ಆಗುತ್ತೆ. ಕಂಡೂ ಕಾಣದ ಹಾಗಿದ್ಬಿಡಿ. ಸ್ಕೂಲಲ್ಲೂ ತಿಳಿಸಿ.”

“ಕನ್ನಡಕ?” ಎಂದರು ಭಾವ.

“ಕಣ್ಣಿಗೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ.”

ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಮನೆಗೆ ಬಂದವರೇ ಮಗಳ ಮುಂದೆ ನೆಲದ ಮೇಲೆ ಕೂತರು. “ತಪ್ಪು ನಂದು ಪುಟ್ಟಿ. ಇನ್ಮೇಲೆ ತಡ್ಕೋಬೇಡ.”

“ಇಲ್ಲ ಅಪ್ಪಾ, ನಂಗೆ ತಡ್ಕೊಳೋಕೆ ಆಗುತ್ತೆ,” ಎಂದಳು ಅವಳು.

ಎಂಟು ತಿಂಗಳಾಯಿತು. ಶಾಲೆಯಲ್ಲಿ, ಅಕ್ಕನ ಮುಂದೆ, ನನ್ನ ಮುಂದೆ ಹುಡುಗಿ ನಿರಾಳ. ಮಿಟುಕಿಸುತ್ತಾಳೆ, ಹ್ಞುಕ್ ಅನ್ನುತ್ತಾಳೆ, ಆಡಿಕೊಂಡಿರುತ್ತಾಳೆ. ಅಪ್ಪ ಒಳಗೆ ಕಾಲಿಟ್ಟರೆ ಸಾಕು, ಕಲ್ಲಾಗುತ್ತಾಳೆ. ಅವರ ಜೊತೆ ಊಟಕ್ಕೆ ಕೂತರೆ ಕತ್ತಿನ ನರ ಬಿಗಿದು, ಕಣ್ಣಲ್ಲಿ ನೀರು ತುಂಬಿ, ತುತ್ತು ಇಳಿಯುತ್ತಿರಲಿಲ್ಲ. ಭಾವ ಗದರಲಿಲ್ಲ, ಕೈ ಮುಗಿದು ಬೇಡಿಕೊಂಡರು. ತಡೆಯುವುದನ್ನು ಬಿಡಲು ಅವಳಿಗೆ ಬರಲಿಲ್ಲ.

ಈಗ ಭಾವ ಊಟಕ್ಕೆ ಮನೆಗೆ ಬರುವುದಿಲ್ಲ. ಡಬ್ಬಿಯನ್ನು ನಾನು ಅಂಗಡಿಗೆ ಒಯ್ಯುತ್ತೇನೆ. ಅವರು ಮುಚ್ಚಳ ತೆಗೆಯುವ ಮೊದಲು ಕೇಳುವುದು ಒಂದೇ ಮಾತು.

“ಉಂಡ್ಲಾ?”

“ಹೊಟ್ಟೆ ತುಂಬಾ ಉಂಡ್ಲು ಭಾವ.”

“ಸರಿ ಹಾಗಾದ್ರೆ,” ಎನ್ನುತ್ತಾರೆ. “ನಾಳೆನೂ ಇಲ್ಲಿಗೇ ತಂದ್ಬಿಡು.”