ಅಣ್ಣನ ಗ್ಯಾರೇಜಿಗೆ ಕೊಟ್ಟ ನೋಟಿಸು

ಆಂಧ್ರದ ಆದೋನಿಯಿಂದ ಆಸ್ಪರಿ ಕಡೆಗೆ ಹೋಗುವ ದಾರಿಯ ಒಂದೂರಿನ ಪಂಚಾಯ್ತಿಯಲ್ಲಿ ನಾನು ಗುಮಾಸ್ತ. ಮುಂಗಾರಿನ ಮೊದಲ ಮಳೆಯ ಮರುದಿನ, ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಬಂದು ಒದ್ದೆ ಪಂಚೆಯೊಂದನ್ನು ನನ್ನ ಮೇಜಿನ ಮೇಲೆ ಹರಡಿದಳು.

"ಮದುವಿ ಮನಿದ್ರಿ ಇದು. ಎಷ್ಟು ತಿಕ್ಕಿದ್ರೂ ಕರಿ ಹೋಗವಲ್ದು. ಅವರಿಗೇನು ಹೇಳ್ಲಿ?"

ಕರಿ ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತಿತ್ತು. ರಸ್ತೆಬದಿಯ ಗ್ಯಾರೇಜಿನವರು ಹಳೆಯ ಆಯಿಲನ್ನು ಮಳೆನೀರಿನ ಚರಂಡಿಗೆ ಸುರಿಯುತ್ತಿದ್ದರು. ಬೇಸಿಗೆಯೆಲ್ಲ ಅಲ್ಲೇ ಕಟ್ಟಿಕೊಂಡಿದ್ದು ಮಳೆ ಬಂದ ಕೂಡಲೇ ಕೆರೆಗೆ ಇಳಿಯುತ್ತಿತ್ತು. ಆ ಸಾಲಿನ ಮೊದಲ ಗ್ಯಾರೇಜು ನನ್ನ ಅಣ್ಣನದು.

ಠರಾವಿನ ಕರಡನ್ನು ನಾನೇ ಬರೆದೆ. ಚರಂಡಿಗೆ ಆಯಿಲ್ ಬಿಡಬಾರದು, ಬಿಟ್ಟರೆ ದಂಡ. ಪ್ರತಿ ಗ್ಯಾರೇಜಿನ ಮುಂದೆ ಆಯಿಲ್ ತಡೆಯುವ ಗುಂಡಿ ಇರಲೇಬೇಕು. ಮೂರು ಸಭೆಗಳಲ್ಲಿ ಸದಸ್ಯರು ತೆಲುಗಿನಲ್ಲಿ "ಚೂದ್ದಾಂಲೇ" ಎಂದರು. ನೋಡೋಣ, ನೋಡೋಣ ಎನ್ನುತ್ತಲೇ ಮಳೆಗಾಲ ಮುಗಿಯಿತು. ನಾಲ್ಕನೆಯ ಸಭೆಗೆ ಆಕೆ ಐದಾರು ಹೆಂಗಸರನ್ನು ಕರೆತಂದು ಬಾಗಿಲಲ್ಲೇ ಕುಳಿತಳು. ಅಂದು ಠರಾವು ಪಾಸಾಯಿತು. ತೆಲುಗಿನಲ್ಲಿದ್ದ ಅದನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಿದೆ.

"ಬರದದ್ದು ಆತು. ಮಾಡೋರು ಯಾರ್ರಿ?" ಎಂದಳು.

ಮಾಡಬೇಕಾದವನು ನಾನೇ. ನೋಟಿಸು ಹಿಡಿದು ಹೋದಾಗ ಅಣ್ಣ ಲಾರಿಯ ಕೆಳಗೆ ಮಲಗಿದ್ದ. ಹೊರಬಂದು, ಕೈ ಒರೆಸಿಕೊಂಡು ಓದಿದ.

"ಊರಾಗ ನಿನಗ ನಾನೇ ಮೊದಲ ಸಿಕ್ಕೆನೇನು?"

"ಸಾಲಿನ್ಯಾಗ ನಿಂದೇ ಮೊದಲ ಐತಿ. ನಿನ್ನ ಬಿಟ್ಟು ಮುಂದ ಹೋದ್ರ ಉಳಿದೋರು ನನ್ನ ಮಾತು ಕೇಳ್ತಾರೇನಣ್ಣ?"

ಸಹಿ ಹಾಕಿದ. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಉಗಾದಿಯ ಹೋಳಿಗೆಯನ್ನು ಅತ್ತಿಗೆ ಯಾರದೋ ಕೈಯಲ್ಲಿ ಕಳಿಸಿದರು. ಉಳಿದ ಹತ್ತು ಗ್ಯಾರೇಜಿನವರು ಹೋದಾಗಲೆಲ್ಲ ನನಗೆ ಚಹಾ ಕೊಟ್ಟರು, ಗುಂಡಿ ಮಾತ್ರ ತೋಡಲಿಲ್ಲ. ದಂಡ ಹಾಕಲು ಮೇಲಿನವರು ಒಪ್ಪಲಿಲ್ಲ. ಆ ರಸ್ತೆಯಲ್ಲಿ ನಡೆಯುವುದೇ ನನಗೆ ಬೇಸರವಾಗಿಬಿಟ್ಟಿತ್ತು.

ಮುಂದಿನ ಮಳೆಗೆ ಮುಂಚೆ, ಒಂದು ಬೆಳಿಗ್ಗೆ, ಅಣ್ಣ ಹಾರೆ ಹಿಡಿದು ಗ್ಯಾರೇಜಿನ ಮುಂದೆ ಅಗೆಯುತ್ತಿದ್ದ. ನಾನು ನಿಂತದ್ದು ನೋಡಿ ತಾನೇ ಮಾತೆತ್ತಿದ.

"ನಿನ್ನ ಕಾಗದಕ್ಕ ಅಂಜಿ ಅಲ್ಲ. ಗ್ಯಾರೇಜಿನೋರ ಮನಿ ಬಟ್ಟಿ ಒಗಿಯಂಗಿಲ್ಲ ಅಂತ ಆಕಿ ಕೂತಾಳ. ನಿಮ್ಮತ್ತಿಗಿ ಕಾಟ ತಡಿಯಾಕ ಆಗವಲ್ದು."

ನಾನು ಬುಟ್ಟಿ ತೆಗೆದುಕೊಂಡು ಮಣ್ಣು ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಮುಗಿಯಿತು.

ಆಮೇಲೆ ಇನ್ನೂ ನಾಲ್ವರು ತೋಡಿದರು. ಈ ವರ್ಷ ಕೆರೆಯ ಮೇಲಿನ ಜಿಡ್ಡು ಕಡಿಮೆಯಾಗಿದೆ, ಹೋಗಿಲ್ಲ. ಎಮ್ಮೆಗಳು ಮತ್ತೆ ನೀರಿಗೆ ಇಳಿಯುತ್ತಿವೆ. ಉಳಿದ ಆರು ಗ್ಯಾರೇಜುಗಳಿಗೆ ವಾರಕ್ಕೊಮ್ಮೆ ಹೋಗಿಬರುತ್ತೇನೆ.