ಒಂದೂವರೆ ಫರ್ಲಾಂಗಿನ ಪ್ರವಾಸ

ಸಿಟ್ಟು ಬಂದರೆ ಬೇರೆ ಹೆಂಗಸರು ಪಾತ್ರೆ ಕುಕ್ಕುತ್ತಾರೆ. ಗಿರಿಜಾಂಬಾ ಹಾಗಲ್ಲ. ಅವಳಿಗೆ ಸಿಟ್ಟು ಬಂದರೆ ಅಡುಗೆಮನೆಯಲ್ಲಿ ಒಂದು ಚಮಚವೂ ಸದ್ದು ಮಾಡುವುದಿಲ್ಲ. 2006ರ ಮೇ ತಿಂಗಳ ಕೊನೆಯಲ್ಲಿ ಆ ಮನೆ ಮೂರು ದಿನ ಹಾಗೇ ಇತ್ತು. ಗಂಡ ಶಶಿಧರ ಹೆದರಿ, ಯಾರೂ ಹೇಳದೆಯೇ ನೀರು ಸೇದಿಟ್ಟ, ಯಾರೂ ಹೇಳದೆಯೇ ಸೌದೆ ಒಡೆದ, ಕೊನೆಗೆ ಯಾರೂ ಕೇಳದೆಯೇ ತಪ್ಪೊಪ್ಪಿಕೊಂಡ.

ತಪ್ಪು ಹೊಸದೇನಲ್ಲ. ಗೋಣಿಬೀಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಮದುವೆಯಾದ ಹದಿನೆಂಟು ವರ್ಷದಿಂದಲೂ ಹೆಂಡತಿಗೆ ಪ್ರವಾಸದ ಆಸೆ ತೋರಿಸುತ್ತಲೇ ಬಂದಿದ್ದ. ಕೊಯ್ಲು ಮುಗೀಲಿ ಅನ್ನುವುದು. ಕೊಯ್ಲು ಮುಗಿದರೆ ಕಾಫಿ ಹೂ ಅರಳಿಸುವ ಹೂಮಳೆ ಬರಲಿ, ಹೂಮಳೆ ಬಂದರೆ ಗೊಬ್ಬರ ಹಾಕೋದು ಮುಗೀಲಿ, ಅಷ್ಟರಲ್ಲಿ ಮುಂಗಾರು, ಮುಂಗಾರಲ್ಲಿ ಯಾರಾದ್ರೂ ಟೂರ್ ಹೋಗ್ತಾರಾ ಮಾರಾಯ್ತಿ! ಒಮ್ಮೆ ಕಳಸದಲ್ಲಿ ನೆಂಟರ ಮದುವೆಗೆ ಹೋಗಿ, ಮಾರನೆಯ ದಿನ ಹೊರನಾಡಿನಲ್ಲಿ ಊಟ ಮಾಡಿ ಬಂದದ್ದನ್ನು ಅವನು ಇವತ್ತಿಗೂ ಟೂರ್ ಎಂದೇ ಹೇಳುತ್ತಾನೆ. ಇನ್ನೊಮ್ಮೆ ಅವಳ ಹುಳುಕು ಹಲ್ಲು ಕೀಳಿಸಲು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ, ಬರುವಾಗ ಪಾರ್ಕು ತೋರಿಸಿದ್ದ. ಅದೂ ಟೂರೇ ಅಂತೆ. "ಬಾಯಲ್ಲಿ ಹತ್ತಿ ತುರುಕ್ಕೊಂಡು ಪಾರ್ಕ್ ನೋಡಿದವಳು ಈ ತಾಲ್ಲೂಕಲ್ಲಿ ನಾನೊಬ್ಳೇ" ಎಂದು ಗಿರಿಜಾಂಬಾ ಹೇಳುತ್ತಿದ್ದಳು.

ಈ ವರ್ಷ ಮೈಸೂರಿಗೆ ಹೋಗಲೇಬೇಕೆಂದು ಕೂಡಿಟ್ಟದ್ದು ಅತ್ತೆ ಪಾಪಮ್ಮನ ಕಣ್ಣಿನ ಆಪರೇಷನ್ನಿಗೆ ಹೋಯಿತು. ಅದರ ಬಗ್ಗೆ ಗಿರಿಜಾಂಬಾಳಿಗೆ ಬೇಸರವಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಆದರೆ ಆ ಮುದುಕಿ ಸುಮ್ಮನಿರಬೇಕಲ್ಲ! ಪಟ್ಟಿ ಬಿಚ್ಚಿದ ದಿನ ಜಗುಲಿಯಲ್ಲಿ ಕೂತು ಸುತ್ತ ನೋಡಿ, "ಈಗ ಎಲ್ಲಾ ಲಾಯ್ಕಾಗಿ ಕಾಣ್ತದೆ. ನೋಡಕ್ಕೆ ಏನೂ ಇಲ್ಲ, ಅಷ್ಟೆ" ಅಂದುಬಿಟ್ಟಳು. ಅಡುಗೆಮನೆ ಸದ್ದಿಲ್ಲದಂತಾದದ್ದು ಅಂದಿನಿಂದ.

ನಿಜ ಹೇಳಬೇಕೆಂದರೆ ಗಿರಿಜಾಂಬಾಳಿಗೆ ಅರಮನೆಯೂ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ಎಸ್ಟೇಟಿನ ಒಡೆಯರಾದ ಚಂದ್ರಶೇಖರ ಗೌಡರು ಮೂರು ವರ್ಷದ ಹಿಂದೆ ಗುಡ್ಡದ ಮೇಲಿನ ಹಳೇ ಬಂಗಲೆಗೆ ಸುಣ್ಣಬಣ್ಣ ಮಾಡಿಸಿ ಹೋಂಸ್ಟೇ ಮಾಡಿದ್ದರು. ಅಲ್ಲಿಗೆ ಅಡುಗೆಯವಳು ಇವಳೇ. ಇವಳ ಅಕ್ಕಿ ರೊಟ್ಟಿ ತಿನ್ನಲೆಂದೇ ಬೆಂಗಳೂರಿನಿಂದ ಜನ ಬರುತ್ತಿದ್ದರು. ಹಿಟ್ಟು ಬೇಯಿಸಿ, ನಾದಿ, ತಟ್ಟಿ, ಕಾವಲಿಗೆ ಹಾಕಿ, ಕೆಂಡದ ಮೇಲೆ ಉಬ್ಬಿಸಿ, ಒಂದರ ಹಿಂದೆ ಒಂದು ಒಳಗಿಂದ ಕಳಿಸುವುದು. ಎಲ್ಲರೂ ಕೈ ತೊಳೆದ ಮೇಲೆ ಅವಳ ಪಾಲಿಗೆ ಬರುವುದು ಕೊನೆಯ ಎರಡು, ತಣ್ಣಗಾಗಿ ಮಡಚಿದರೆ ಮುರಿಯುವಂಥವು. ಮನೆಯಲ್ಲೂ ಅದೇ, ಬಂಗಲೆಯಲ್ಲೂ ಅದೇ. ಯಾರಾದರೂ ಮಾಡಿಕೊಟ್ಟ ರೊಟ್ಟಿಯನ್ನು, ಕೆಂಡದಿಂದ ಎತ್ತಿದ ಗಳಿಗೆಯಲ್ಲೇ, ಕುರ್ಚಿ ಮೇಲೆ ಕೂತು ತಿನ್ನಬೇಕು. ಅವಳ ಪ್ರವಾಸವೆಂದರೆ ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾರೆಂದು ಮೈಸೂರು ಮೈಸೂರು ಅನ್ನುತ್ತಿದ್ದಳು.

ಶುಕ್ರವಾರ ಗೌಡರು ಬಂಗಲೆಯ ಹಿತ್ತಲಿಗೆ ಬಂದು ತಲೆ ಕೆರೆದುಕೊಂಡರು. "ನಾಳೆ ಬರ್ಬೇಕಾಗಿದ್ದ ಬೆಂಗಳೂರು ಪಾರ್ಟಿ ಫೋನ್ ಮಾಡಿದ್ರು ಗಿರಿಜಮ್ಮ. ರಜ ಸಿಗ್ಲಿಲ್ವಂತೆ. ದುಡ್ಡು ಮೊದ್ಲೇ ಕೊಟ್ಟಿದಾರೆ, ವಾಪಸ್ ಬೇಡ ಅಂದ್ರು. ತರಕಾರಿ ಎಲ್ಲಾ ತಂದಾಗಿದೆ, ಏನ್ ಮಾಡಾದು?"

ಗಿರಿಜಾಂಬಾ ಸೆರಗಿಗೆ ಕೈ ಒರೆಸಿಕೊಂಡಳು. "ಆ ರೂಮು ನಮಗೆ ಕೊಡಿ ಗೌಡ್ರೆ. ಎರಡು ದಿನ. ಗೆಸ್ಟ್ ಥರ ಇರ್ತೀವಿ."

ಗೌಡರು ಜೋರಾಗಿ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಆಯ್ತು, ಇರಿ ಮಾರಾಯ್ತಿ. ನಾನಂತೂ ಚಿಕ್ಕಮಗಳೂರಿಗೆ ಹೋಗ್ತಿದೀನಿ, ಭಾನುವಾರ ಸಂಜೆಗೇ ಬರಾದು" ಎಂದು ಜೀಪು ಹತ್ತಿದರು.

ಮನೆಗೆ ಬಂದು ಅವಳು ಕಾನೂನು ಸಾರಿದಳು. ಎರಡು ದಿನ ತಾನು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

"ಮತ್ತೆ ಅಡುಗೆ ಯಾರು ಮಾಡಾದು?" ಎಂದ ಶಶಿಧರ.

"ಹೋಂಸ್ಟೇಯವ್ರು."

"ಹೋಂಸ್ಟೇಯವ್ರು ಅಂದ್ರೆ ನಾವೇ ಅಲ್ವೇನೇ?"

"ನಾನು ಗೆಸ್ಟು. ಅತ್ತೆ ಗೆಸ್ಟು. ಕೃತಿಕಾ ಗೆಸ್ಟು. ಇನ್ನು ಉಳಿದವ್ರು ಯಾರು, ನೀವೇ ನೋಡ್ಕಳಿ."

ಹದಿಮೂರು ವರ್ಷದ ಮಗಳು ಕೃತಿಕಾ ಕುಣಿದಾಡಿದಳು. ಆದರೆ ಪಾಪಮ್ಮ ತಕರಾರು ತೆಗೆದಳು. ಅವರ ಮನೆಗೂ ಬಂಗಲೆಗೂ ಇದ್ದ ದೂರ ಒಂದೂವರೆ ಫರ್ಲಾಂಗು. "ಬಸ್ ಹತ್ತದೆ ಹೋಗದು ಎಂಥಾ ಪ್ರವಾಸ? ಹಿತ್ತಲಿಗೆ ಹೋದಂಗೆ ಆಗ್ತದೆ. ನಾನು ಬರಲ್ಲಪ್ಪ."

ಹಾಗಾಗಿ ಶನಿವಾರ ಬೆಳಿಗ್ಗೆ ನಾಲ್ವರೂ ಹೊಸ ಬಟ್ಟೆ ತೊಟ್ಟು, ಸೂಟ್‌ಕೇಸ್ ಹಿಡಿದು, ಎಸ್ಟೇಟಿನ ಗೇಟಿನಲ್ಲಿ ಬಸ್ಸು ಹತ್ತಿ ಗೋಣಿಬೀಡಿಗೆ ಹೋದರು. ಅಲ್ಲಿ ಎಳನೀರು ಕುಡಿದರು. ಪಾಪಮ್ಮ ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿದಳು. ನಾಲ್ವರೂ ಅದೇ ಬಸ್ಸಿನಲ್ಲಿ ವಾಪಸು ಬಂದು ಅದೇ ಗೇಟಿನಲ್ಲಿ ಇಳಿದರು. ಕಂಡಕ್ಟರ್ ಶಿಳ್ಳೆ ಊದುವುದನ್ನೇ ಮರೆತು, "ಏನ್ ರೈಟ್ರೆ, ಏನಾದ್ರೂ ಮರ್ತು ಬಂದ್ರಾ?" ಎಂದು ಕೇಳಿದ. ಶಶಿಧರ ಆಗಲೇ ಸೂಟ್‌ಕೇಸ್ ಹೊತ್ತು ಏರು ಹತ್ತಿ ಓಡುತ್ತಿದ್ದ. ಗೆಸ್ಟುಗಳು ತಲುಪುವ ಮೊದಲೇ ಅವನು ಬಂಗಲೆಯ ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಂತಿರಬೇಕಿತ್ತು.

"ಬನ್ನಿ ಮೇಡಂ, ಪ್ರಯಾಣ ಹೆಂಗಾಯ್ತು?" ಎಂದ ಏದುಸಿರು ಬಿಡುತ್ತಾ.

"ಸೊಂಟ ಬಿದ್ದೋಯ್ತು. ನಿಮ್ಮೂರಿನ ರೋಡೇ ಸರಿ ಇಲ್ಲ" ಎಂದಳು ಪಾಪಮ್ಮ, ಮಜ್ಜಿಗೆಯನ್ನು ಒಂದೇ ಗುಟುಕಿಗೆ ಇಳಿಸಿ.

ಸಂಜೆ ತೋಟ ಸುತ್ತುವ ಕಾರ್ಯಕ್ರಮ. ರಜೆಯ ದಿನಗಳಲ್ಲಿ ಗೆಸ್ಟುಗಳಿಗೆ ತೋಟ ತೋರಿಸುವವನು ಶಶಿಧರನೇ. ಅವನು ಟೋಪಿ ಹಾಕಿ, ಕೋಲು ಹಿಡಿದು, "ಇದು ಅರೇಬಿಕಾ, ಆ ಕಡೇದು ರೊಬಸ್ಟಾ" ಎಂದು ಶುರು ಮಾಡಿದ. ನಲವತ್ತು ವರ್ಷ ಅದೇ ತೋಟದಲ್ಲಿ ಕಾಫಿ ಕೊಯ್ದಿದ್ದ ಪಾಪಮ್ಮ ಗಿಡದ ಹತ್ತಿರ ಬಗ್ಗಿ, ಬಾಯಿ ಮೇಲೆ ಬೆರಳಿಟ್ಟುಕೊಂಡಳು.

"ಹೌದಾ! ಇದ್ರಲ್ಲಿ ಹಾಲಿನ ಕಾಫಿ ಬಿಡೋ ಗಿಡ ಯಾವ್ದು, ಕರಿ ಕಾಫಿ ಬಿಡೋದು ಯಾವ್ದು?"

"ಅವ್ವಾ, ತಮಾಷೆ ಮಾಡ್ಬೇಡ."

"ಅವ್ವ ಯಾರಪ್ಪ ಇಲ್ಲಿ? ಮೇಡಂ ಅನ್ನು."

ಗಿರಿಜಾಂಬಾ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ದಾರಿ ಮೇಲೇ ಕೂತಳು. ಶಶಿಧರ ಮುಖ ದಪ್ಪ ಮಾಡಿಕೊಂಡು, ಗೆಸ್ಟುಗಳಿಗೆ ಒಪ್ಪಿಸುವ ಪಾಠವನ್ನು ಮುಗಿಸಿದ: "ಈ ಗುಡ್ಡದಲ್ಲಿ ಕಾಫಿ, ಮೆಣಸು, ಏಲಕ್ಕಿ ಎಲ್ಲಾ ಸಿಗುತ್ತೆ ಸಾರ್. ಆದ್ರೆ ಇಲ್ಲಿ ರೊಟ್ಟಿ ಮಾಡೋ ಕೈ ಇದೆಯಲ್ಲ, ಅಂಥದ್ದು ಇನ್ನೊಂದು ಕಡೆ ಸಿಗಲ್ಲ."

ಅವಳ ನಗು ನಿಂತಿತು. "ಇದನ್ನ ಎಲ್ಲಾ ಗೆಸ್ಟಿಗೂ ಹೇಳ್ತೀರಾ?"

"ಹೇಳ್ತೀನಿ."

"ನಂಗ್ಯಾಕೆ ಒಂದಿನಾನೂ ಹೇಳಿಲ್ಲ?"

"ನೀನು ಯಾವತ್ತೂ ತೋಟ ನೋಡಕ್ಕೆ ಬಂದಿಲ್ವಲ್ಲ" ಎಂದು ಅವನು ಕೋಲಿನಿಂದ ಒಣಗಿದ ಎಲೆ ಕೆದಕುತ್ತಾ ಮುಂದೆ ಹೋದ.

ರಾತ್ರಿಯ ಊಟದ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಕುಕ್ಕರ್ ಏಳು ಸಲ ಕೂಗಿತು, ಗಿರಿಜಾಂಬಾ ಏಳು ಸಲ ಕುರ್ಚಿಯಿಂದ ಎದ್ದಳು, ಬಾಗಿಲಲ್ಲಿ ಕಾವಲು ನಿಂತಿದ್ದ ಕೃತಿಕಾ ಏಳು ಸಲ ಅವಳನ್ನು ತಳ್ಳಿ ಕೂರಿಸಿದಳು. ಸಾರು ಉಪ್ಪು, ಪಲ್ಯ ಸೀದು ಹೋಗಿತ್ತು, ಅನ್ನವನ್ನು ಚಮಚದಲ್ಲಿ ಕತ್ತರಿಸಬೇಕಾಯಿತು. ಅದೆಲ್ಲ ಹೋಗಲಿ ಎಂದುಕೊಂಡಳು ಗಿರಿಜಾಂಬಾ. ನಾಳೆ ಬೆಳಿಗ್ಗೆ ರೊಟ್ಟಿ ಇದೆಯಲ್ಲ.

ಬೆಳಿಗ್ಗೆ ಅವಳು ತಲೆಸ್ನಾನ ಮಾಡಿ, ಕೂದಲು ಹರವಿಕೊಂಡು, ಊಟದ ಮೇಜಿನ ತುದಿಯಲ್ಲಿ ಮಹಾರಾಣಿಯ ಗತ್ತಿನಲ್ಲಿ ಕೂತಳು. ಮುಂದೆ ಖಾಲಿ ತಟ್ಟೆ, ಬಟ್ಟಲಲ್ಲಿ ಬೆಣ್ಣೆ, ಕಾಯಿ ಚಟ್ನಿ. ಒಳಗೆ ಶಶಿಧರ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದ. ಮೊದಲ ರೊಟ್ಟಿ ಕಾವಲಿಗೆ ಬೀಳುವ ಹೊತ್ತಿಗೆ ಸರಿಯಾಗಿ ಹೊರಗೆ ಕಾರು ನಿಂತಿತು.

ಬಂದವರು ಬೇರೆ ಯಾರೂ ಅಲ್ಲ, ಬರುವುದಿಲ್ಲ ಎಂದಿದ್ದ ಬೆಂಗಳೂರಿನ ಪಾರ್ಟಿ. ರವಿಶಂಕರ ಎಂಬ ಇಂಜಿನಿಯರ್, ಅವನ ಹೆಂಡತಿ ವರ್ಷಿಣಿ. "ಕೊನೇ ಗಳಿಗೇಲಿ ರಜ ಸಿಕ್ತು. ಫೋನ್ ಮಾಡಿ ಮಾಡಿ ಸಾಕಾಯ್ತು, ಸಿಗ್ನಲ್ಲೇ ಇಲ್ಲ. ಬೆಳಗಿನ ಜಾವ ಎದ್ದು ಬಂದೇಬಿಟ್ವಿ" ಎಂದ ರವಿಶಂಕರ. ಮೇಜಿನ ಮುಂದಿದ್ದ ಗಿರಿಜಾಂಬಾಳನ್ನು ಕಂಡು, "ನೀವೂ ಗೆಸ್ಟಾ? ಎಲ್ಲಿಂದ ಬಂದಿದೀರಾ? ದೂರಾನಾ?" ಎಂದು ವಿಚಾರಿಸಿದ.

"ಬಸ್ಸಲ್ಲಿ ದೂರ. ನಡ್ಕೊಂಡು ಬಂದ್ರೆ ಹತ್ರ" ಎಂದಳು ಪಾಪಮ್ಮ.

ಅಡುಗೆಮನೆ ಬಾಗಿಲಲ್ಲಿ ಶಶಿಧರನ ಮುಖ ಕಾಣಿಸಿತು, ಮೂಗಿನ ತುದಿಯವರೆಗೆ ಹಿಟ್ಟು. ಅವನು ಹೆಂಡತಿಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಏಳೇ ಮಾರಾಯ್ತಿ. ದುಡ್ಡು ಕೊಟ್ಟು ಬಂದವ್ರು. ನಾನು ಮಾಡಿದ್ದು ತಿಂದ್ರೆ ಗೌಡ್ರಿಗೆ ಹೇಳ್ತಾರೆ, ನಮ್ಮಿಬ್ರ ಕೆಲ್ಸಾನೂ ಹೋಗುತ್ತೆ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಿರಿಜಾಂಬಾ ಖಾಲಿ ತಟ್ಟೆ ನೋಡಿದಳು. ಕೂದಲು ಗಂಟು ಕಟ್ಟಿ, ಸೆರಗು ಸಿಕ್ಕಿಸಿ, ಎದ್ದಳು. ಅಷ್ಟರಲ್ಲಿ ಎದುರಿನ ಕುರ್ಚಿಯಲ್ಲಿ ವರ್ಷಿಣಿ ದೊಪ್ಪೆಂದು ಕುಸಿದು ಕೂತಳು.

"ನಂಗೆ ಫಾಲ್ಸೂ ಬೇಡ ಬೆಟ್ಟಾನೂ ಬೇಡ ರೀ" ಎಂದಳು ಆಕೆ, ಯಾರಿಗೆಂದಿಲ್ಲದೆ. "ಎಲ್ಲಾದ್ರೂ ಕೂತ್ಕೋಬೇಕು, ಯಾರಾದ್ರೂ ಬಿಸಿಬಿಸಿ ತಂದು ಹಾಕ್ಬೇಕು. ಮನೇಲಿ ಎಲ್ಲರಿಗೂ ದೋಸೆ ಹುಯ್ದು ಹುಯ್ದು, ನನ್ನ ಸರದಿ ಬರೋ ಹೊತ್ತಿಗೆ ಹಸಿವೇ ಸತ್ತಿರುತ್ತೆ. ಅದಕ್ಕೇ ಇಷ್ಟು ದೂರ ಬಂದೆ."

ಗಿರಿಜಾಂಬಾ ನಿಂತಲ್ಲೇ ನಿಂತಳು. ಕಾರಿಟ್ಟುಕೊಂಡವರ ಮನೆಯಲ್ಲೂ ಇದೇ ಕತೆಯೇ? ತಾನೀಗ ಒಳಗೆ ಹೋದರೆ ಈಕೆಗೆ ಬಿಸಿ ರೊಟ್ಟಿ ಸಿಗುತ್ತದೆ, ತನಗಿಲ್ಲ. ಹೋಗದಿದ್ದರೆ ಇಬ್ಬರಿಗೂ ಇಲ್ಲ. ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಶಶಿಧರ ಬದುಕಿದೆ ಎಂದುಕೊಂಡು ರೊಟ್ಟಿ ಮೊಗಚುವ ಸಟ್ಟುಗ ಚಾಚಿದ. ಅವಳು ಅದನ್ನು ಮುಟ್ಟಲಿಲ್ಲ. ಹೊಸ್ತಿಲ ಈಚೆ ನಿಂತು ರವಿಶಂಕರನ ಕಡೆ ತಿರುಗಿ, ಮೂರು ವರ್ಷದಲ್ಲಿ ಬೆಂಗಳೂರಿನವರಿಂದಲೇ ಕಲಿತ ಭಾಷೆಯಲ್ಲಿ ಹೇಳಿದಳು:

"ಸಾರ್, ನಿಮ್ಮ ಪ್ಯಾಕೇಜಲ್ಲಿ ಒಂದು ಆಕ್ಟಿವಿಟಿ ಇದೆ. ಮಲೆನಾಡಿನ ರೊಟ್ಟಿ ತಟ್ಟೋದು. ಗಂಡಸರಿಗೆ ಮಾತ್ರ."

ರವಿಶಂಕರನ ಮುಖ ಅರಳಿತು. "ಎಕ್ಸ್‌ಟ್ರಾ ಚಾರ್ಜ್ ಇಲ್ವಾ?"

"ಇಲ್ಲ ಸಾರ್. ಎಲ್ಲಾ ಸೇರಿಸಿಯೇ."

ಅವನು ಕ್ಯಾಮೆರಾ ಹೆಂಡತಿಯ ಕೈಗೆ ಕೊಟ್ಟು, ತೋಳು ಮಡಚಿಕೊಂಡು ಒಳಗೆ ನುಗ್ಗಿದ. ಗಿರಿಜಾಂಬಾ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಒಳಗೆ ಇಬ್ಬರು ಗಂಡಸರ ಸಂಸಾರ ಶುರುವಾಯಿತು. ಮೊದಲನೆಯ ರೊಟ್ಟಿ ಹರಿಯಿತು. ಎರಡನೆಯದು ಕಾವಲಿಗೆ ಅಂಟಿಕೊಂಡು ಏಳಲೊಲ್ಲೆ ಎಂದಿತು. "ದಪ್ಪ ಎಷ್ಟು ಮಿಲಿಮೀಟರ್ ಇರ್ಬೇಕು?" ಎಂದು ಇಂಜಿನಿಯರ್ ಒಳಗಿಂದ ಕೂಗಿದ. "ನಿಮ್ಮ ಕಿವಿ ಹಾಲೆಯಷ್ಟು! ಕೈಗೆ ನೀರು ಸವರ್ಕಳಿ! ಕೆಂಡ ಕೆದಕಿ!" ಎಂದು ಗಿರಿಜಾಂಬಾ ಕೂತಲ್ಲಿಂದಲೇ ಕೂಗಿದಳು. ಯಾರೋ ಬೆರಳು ಸುಟ್ಟುಕೊಂಡರು. ಯಾರೋ ನಕ್ಕರು. ವರ್ಷಿಣಿ ಕ್ಯಾಮೆರಾ ಬದಿಗಿಟ್ಟು, ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಳು.

ಆರನೆಯದೋ ಏಳನೆಯದೋ ಉಬ್ಬಿತು. "ಉಬ್ಬಿತು! ಉಬ್ಬಿತು!" ಎಂದು ಇಬ್ಬರೂ ಚೀರಿದರು. ಕೃತಿಕಾ ತಟ್ಟೆಯಲ್ಲಿ ಹಾಕಿಕೊಂಡು ಓಡಿ ಬಂದಳು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಪ್ಪು. ಗಿರಿಜಾಂಬಾ ಅದನ್ನು ನಡುವೆ ಮುರಿದಳು, ಒಳಗಿಂದ ಹಬೆ ಮುಖಕ್ಕೆ ಹೊಡೆಯಿತು. ಅರ್ಧವನ್ನು ವರ್ಷಿಣಿಯ ತಟ್ಟೆಗೆ ಹಾಕಿ, ಉಳಿದರ್ಧದ ಮೇಲೆ ಬೆಣ್ಣೆ ಇಟ್ಟು, ಅದು ಕರಗಿ ಬೆರಳಿಗೆ ಹರಿಯುವ ಮೊದಲೇ ಬಾಯಿಗಿಟ್ಟಳು. ನಾಲಿಗೆ ಚುರ್ರೆಂದಿತು. ಕಣ್ಣಿಂದ ದಳದಳ ನೀರು ಇಳಿಯಿತು.

ಪಾಪಮ್ಮ ಗಾಬರಿಯಾಗಿ, ಆಪರೇಷನ್ ಆದ ಕಣ್ಣನ್ನು ಸೊಸೆಯ ಮುಖಕ್ಕೆ ಹತ್ತಿರ ತಂದು ನೋಡಿದಳು. ಅಷ್ಟು ಹತ್ತಿರದಿಂದ ಅವಳನ್ನು ಹಾಗೆ ನೋಡಿದ್ದು ಅದೇ ಮೊದಲಿರಬೇಕು.

"ಎಂಥಾ ಆಯ್ತೇ ಗಿರಿಜಾ? ಚಟ್ನಿ ಖಾರವಾ?"

"ಇಲ್ಲ ಅತ್ತೆ" ಎಂದಳು ಅವಳು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಬಿಸಿ ಇದೆ."